ಆಡದ ಪಂದ್ಯಕ್ಕೆ ಸಂದ ಕೀರ್ತಿ

ಆಂಡೀಸ್ ಪರ್ವತದಲ್ಲಿ 1972ರಲ್ಲಿ ನಡೆದ ವಿಮಾನ ದುರಂತದ ಕಥೆಯನ್ನು ಈಗ ಮೊದಲಿಂದ ಹೇಳಬೇಕಾಗಿಲ್ಲ. ಉರುಗ್ವೆಯ ಮೊಂತೆವಿದೆಯೊ ನಗರದ ಸ್ಟೆಲ್ಲಾ ಮಾರಿಸ್ ಶಾಲೆಯ ಹಳೆಯ ವಿದ್ಯಾರ್ಥಿಗಳ ರಗ್ಬಿ ತಂಡ ‘ಓಲ್ಡ್ ಕ್ರಿಶ್ಚಿಯನ್ಸ್’ ಚಿಲಿಯ ಸಾಂತಿಯಾಗೊದಲ್ಲಿ ಪಂದ್ಯವಾಡಲು ಹೊರಟದ್ದು, ವಾಯುಪಡೆಯಿಂದ ಬಾಡಿಗೆಗೆ ಪಡೆದ ವಿಮಾನ ಅಕ್ಟೋಬರ್ 13ರಂದು ಬೆಟ್ಟಕ್ಕೆ ಬಡಿದದ್ದು, 45 ಜನರಲ್ಲಿ 16 ಮಂದಿ 72 ದಿನ ಹಿಮದಲ್ಲಿ ಕಳೆದು, ಸತ್ತ ಗೆಳೆಯರ ದೇಹವನ್ನೇ ಉಂಡು ಬದುಕಿ ಬಂದದ್ದು, ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿಗಳೇ. ಜೆ.ಎ. ಬಯೋನಾ ನಿರ್ದೇಶನದ ‘ಸೊಸೈಟಿ ಆಫ್ ದಿ ಸ್ನೋ’ 2024ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಮೇಲಂತೂ ಆ ಕಥೆ ಮನೆಮನೆಗೂ ಮುಟ್ಟಿತು. ಚಿತ್ರಕ್ಕೆ ಸ್ಪೇನಿನ ಗೋಯಾ ಪ್ರಶಸ್ತಿಗಳು ಹನ್ನೆರಡು ಸಂದವು, ಆಸ್ಕರ್ ನಾಮನಿರ್ದೇಶನ ಎರಡು ಬಂದವು. ಈ ಮನ್ನಣೆಗೆ ಚಿತ್ರ ಯೋಗ್ಯವೇ. ಆದರೆ ಹೊಗಳಿದವರಲ್ಲಿ ಬಹಳ ಮಂದಿ ಕೊಟ್ಟ ಕಾರಣ ಒಪ್ಪುವಂಥದ್ದಲ್ಲ. ರಗ್ಬಿ ಕಲಿಸಿದ ಒಗ್ಗಟ್ಟು, ರಗ್ಬಿ ಕಲಿಸಿದ ತ್ಯಾಗ, ರಗ್ಬಿ ತಂಡದ ಶಿಸ್ತು ಈ ಹುಡುಗರನ್ನು ಉಳಿಸಿತು ಎಂಬುದು ಆ ಕಾರಣ. ಐವತ್ತು ವರ್ಷಗಳಿಂದ ಈ ಪ್ರವಾಸದ ಬಗ್ಗೆ ಓಡಾಡುತ್ತಿರುವ ಮಾತು ಇದು. ಬಯೋನಾ ಚಿತ್ರದ ಹೆಚ್ಚುಗಾರಿಕೆ ಇರುವುದೇ ಈ ಮಾತನ್ನು ಅದು ಒಳಗಿನಿಂದ ಮುರಿಯುವುದರಲ್ಲಿ. ಅದು ಸೋಲುವ ಒಂದೇ ಒಂದು ಜಾಗ ಈ ಮಾತಿಗೆ ಮಣಿದ ಜಾಗ.

ಮೊದಲು ಲೆಕ್ಕ ನೋಡೋಣ. ವಿಮಾನದಲ್ಲಿದ್ದ 45 ಜನರಲ್ಲಿ ತಂಡದವರು 19 ಮಂದಿ. ಬಾಡಿಗೆಯ ಹೊರೆ ಹಂಚಿಕೊಳ್ಳಲು ಉಳಿದ ಸೀಟುಗಳನ್ನು ಗೆಳೆಯರಿಗೆ, ಬಂಧುಗಳಿಗೆ, ಪರಿಚಿತರಿಗೆ ಮಾರಲಾಗಿತ್ತು. ಮಗಳ ಮದುವೆಗೆಂದು ಹೊರಟ ಒಬ್ಬ ತಾಯಿಯೂ ಅದರಲ್ಲಿದ್ದರು. ಬದುಕಿ ಬಂದ ಹದಿನಾರು ಮಂದಿಯಲ್ಲಿ ತಂಡದ ಆಟಗಾರರಿಗಿಂತ ಆಟಗಾರರಲ್ಲದವರೇ ಹೆಚ್ಚು. ಅಕ್ಟೋಬರ್ 29ರ ಹಿಮಕುಸಿತದ ನಂತರ ಗುಂಪಿನ ಆಡಳಿತ ಕೈಗೆತ್ತಿಕೊಂಡ ಮೂವರು ಸೋದರಸಂಬಂಧಿಗಳು (ಫಿತೊ ಸ್ಟ್ರಾಉಚ್, ಎದುವಾರ್ದೊ ಸ್ಟ್ರಾಉಚ್, ದಾನಿಯೆಲ್ ಫೆರ್ನಾಂದೆಸ್) ತಂಡದವರಲ್ಲ. ಮಾಂಸ ಕತ್ತರಿಸುವ, ಅದನ್ನು ಪಾಲು ಮಾಡುವ, ಯಾರಿಗೆ ಎಷ್ಟು ಎಂದು ನಿರ್ಧರಿಸುವ ಕಠಿಣ ಕೆಲಸವೆಲ್ಲ ಇವರದ್ದು. ಸೀಟಿನ ಅಲ್ಯೂಮಿನಿಯಂ ತಗಡನ್ನು ಬಿಸಿಲಿಗೆ ಹಿಡಿದು ಹಿಮ ಕರಗಿಸಿ ನೀರು ಮಾಡುವ ಉಪಾಯ ಫಿತೊನದು. ಹಿಮದ ಬೆಳಕಿಗೆ ಕಣ್ಣು ಹೋಗದಂತೆ ಕಾಕ್‌ಪಿಟ್‌ನ ಬಿಸಿಲುಮರೆಯಿಂದ ಕನ್ನಡಕ ಮಾಡಿದವನೂ ಅವನೇ. ಇಷ್ಟು ತಿಳಿದ ಮೇಲೂ ಇದನ್ನು ಒಂದು ತಂಡದ ಗೆಲುವು ಎಂದು ಬರೆಯಲು ಹೇಗೆ ಮನಸ್ಸು ಬರುತ್ತದೆ ಎಂಬುದೇ ಅರ್ಥವಾಗದ ವಿಷಯ.

ತಂಡದ ಶಿಸ್ತಿಗೂ ಅದರ ಪಾಲು ಸಲ್ಲಬೇಕು. ಮೊದಲ ರಾತ್ರಿ ಒಡೆದ ವಿಮಾನದ ಬಾಯಿಗೆ ಪೆಟ್ಟಿಗೆ, ಸೀಟುಗಳನ್ನು ಒಟ್ಟಿ ಗೋಡೆ ಕಟ್ಟಿಸಿದವನು ನಾಯಕ ಮಾರ್ಸೆಲೊ ಪೆರೆಸ್. ಇದ್ದ ಚಾಕಲೇಟು, ವೈನುಗಳನ್ನು ಅಳೆದು ಹಂಚಿದವನು ಅವನು. ಮೈದಾನದಲ್ಲಿ ಅವನ ಮಾತು ಕೇಳಿ ಅಭ್ಯಾಸವಾಗಿದ್ದವರು ಅಲ್ಲಿಯೂ ಕೇಳಿದರು. ಆದರೆ ಅವನ ನಾಯಕತ್ವ ನಿಂತದ್ದು ಒಂದು ನಂಬಿಕೆಯ ಮೇಲೆ: ಹುಡುಕುವವರು ಬಂದೇ ಬರುತ್ತಾರೆ, ಅಲ್ಲಿಯವರೆಗೆ ತಡೆದುಕೊಂಡರೆ ಸಾಕು. ಇದು ಪಂದ್ಯದ ತರ್ಕ. ಪಂದ್ಯಕ್ಕೆ ಗೊತ್ತಾದ ಅವಧಿಯಿದೆ, ಸೀಟಿ ಊದುವವನಿದ್ದಾನೆ, ನೋವನ್ನು ಎಷ್ಟು ಹೊತ್ತು ತಡೆಯಬೇಕೆಂಬ ಅಂದಾಜಿದೆ. ಹನ್ನೊಂದನೇ ದಿನ ಶೋಧ ನಿಲ್ಲಿಸಿದ ಸುದ್ದಿ ಟ್ರಾನ್ಸಿಸ್ಟರಿನಲ್ಲಿ ಬಿತ್ತರವಾದಾಗ ಆ ತರ್ಕ ಕುಸಿಯಿತು, ಅದರ ಜೊತೆ ನಾಯಕನೂ ಕುಸಿದ. ಅಕ್ಟೋಬರ್ 29ರ ಹಿಮಕುಸಿತದಲ್ಲಿ ಸತ್ತ ಎಂಟು ಮಂದಿಯಲ್ಲಿ ಅವನೂ ಒಬ್ಬ. ಬಯೋನಾ ಇದನ್ನು ಚೆನ್ನಾಗಿ ಬಲ್ಲರು. ಸುದ್ದಿ ಬಂದ ನಂತರದ ದೃಶ್ಯಗಳಲ್ಲಿ ಡಿಯೆಗೊ ವೆಗೆತ್ಸಿ ನಟಿಸಿದ ಮಾರ್ಸೆಲೊ ಆಜ್ಞೆ ಕೊಡುವವನಾಗಿ ಉಳಿದಿಲ್ಲ, ತಾನೇ ಎಲ್ಲರನ್ನೂ ಈ ಪ್ರವಾಸಕ್ಕೆ ಕರೆತಂದೆನೆಂಬ ಪಾಪಭಾರದಲ್ಲಿ ಮುದುಡಿದ ಹುಡುಗನಾಗಿದ್ದಾನೆ. ಮುಂದಿನ ಎರಡು ತಿಂಗಳು ಯಾವ ಶಿಸ್ತಿನಿಂದ ಸಾಗಿತೋ ಅದು ಅವನ ಶಿಸ್ತಲ್ಲ.

ಹಾಗಾದರೆ ರಗ್ಬಿಯ ಈ ಕೀರ್ತಿ ಎಲ್ಲಿಂದ ಬಂತು? ಉತ್ತರ ಬೆಟ್ಟದಲ್ಲಿಲ್ಲ, ಶಾಲೆಯಲ್ಲಿದೆ. ಉರುಗ್ವೆ 1930 ಮತ್ತು 1950ರಲ್ಲಿ ವಿಶ್ವಕಪ್ ಗೆದ್ದ ಫುಟ್‌ಬಾಲ್ ನಾಡು. ಅಂಥಲ್ಲಿ 1955ರಲ್ಲಿ ಸ್ಟೆಲ್ಲಾ ಮಾರಿಸ್ ಶಾಲೆ ತೆರೆದ ಐರಿಷ್ ಕ್ರಿಶ್ಚಿಯನ್ ಬ್ರದರ್‌ಗಳು ಫುಟ್‌ಬಾಲನ್ನು ದೂರವಿಟ್ಟು ರಗ್ಬಿ ಆಡಿಸಿದರು. ಫುಟ್‌ಬಾಲ್ ಹುಡುಗರನ್ನು ಸ್ವಾರ್ಥಿಗಳನ್ನಾಗಿ ಮಾಡುತ್ತದೆ, ರಗ್ಬಿ ಒಟ್ಟಾಗಿ ದುಡಿಯುವುದನ್ನೂ ತುಟಿ ಕಚ್ಚಿ ನೋವು ನುಂಗುವುದನ್ನೂ ಕಲಿಸುತ್ತದೆ ಎಂಬುದು ಅವರ ನಿಲುವು. ಅಂದರೆ ರಗ್ಬಿಯೇ ಶೀಲ ಎಂಬ ತೀರ್ಮಾನ ದುರಂತಕ್ಕಿಂತ ಹದಿನೇಳು ವರ್ಷ ಹಿಂದಿನದು. ದುರಂತ ಅದಕ್ಕೆ ಸಾಕ್ಷಿಯಾಗಿ ಒದಗಿಬಂತು, ಅಷ್ಟೇ. ಕರಾಸ್ಕೊ ಎಂಬ ಸಿರಿವಂತರ ಬಡಾವಣೆಯ ಶಾಲೆ ತನ್ನ ಬಗ್ಗೆ ಇಟ್ಟುಕೊಂಡಿದ್ದ ಚಿತ್ರವನ್ನೇ ಆಮೇಲೆ ಬರೆದವರು, ಭಾಷಣಕಾರರು, ಕಂಪನಿಗಳ ತರಬೇತಿ ಶಿಬಿರದವರು ಎತ್ತಿಕೊಂಡರು. ಬದುಕಿ ಬಂದವರೇ ಹಾಗೆ ಹೇಳುತ್ತಾರಲ್ಲ ಎಂಬ ಆಕ್ಷೇಪ ಇದೆ. ನಾಂದೊ ಪರ್ರಾದೊ 2006ರ ತಮ್ಮ ಪುಸ್ತಕದಲ್ಲಿ ಬ್ರದರ್‌ಗಳಿಗೂ ರಗ್ಬಿಗೂ ಕೃತಜ್ಞತೆ ಸಲ್ಲಿಸಿರುವುದು ನಿಜ. ಆ ಕೃತಜ್ಞತೆಯ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಬೇಕಾಗಿಲ್ಲ. ಆದರೆ ಒಬ್ಬ ತನ್ನ ಬಲದ ಮೂಲ ಎಲ್ಲಿ ಕಂಡ ಎಂಬುದು ಒಂದು ಪ್ರಶ್ನೆ, ಹದಿನಾರು ಜನ ಹೇಗೆ ಉಳಿದರು ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೆ ಅಂಟಿಸುವ ವಿಮರ್ಶಕರು ಹಿಮದಲ್ಲಿ ಸತ್ತ 29 ಜನರಿಗೆ ಏನು ಹೇಳುತ್ತಾರೆ? ಅವರಲ್ಲಿ ನಾಯಕನೂ ಸೇರಿ ಹಲವರು ಇದೇ ತಂಡದವರು, ಇದೇ ಮೈದಾನದಲ್ಲಿ ಬೆಳೆದವರು. ಆಟ ಉಳಿಸುತ್ತದೆ ಎಂದಾದರೆ ಅವರನ್ನು ಯಾಕೆ ಉಳಿಸಲಿಲ್ಲ? ‘ರಗ್ಬಿ ಉಳಿಸಿತು’ ಎನ್ನುವುದು ಸತ್ತವರ ಬಗ್ಗೆ ಗೊತ್ತಿಲ್ಲದೇ ಕೊಟ್ಟ ಕೆಟ್ಟ ತೀರ್ಪು.

ಈಗ ಚಿತ್ರಕ್ಕೆ ಬರೋಣ. ಅದು ತೆರೆದುಕೊಳ್ಳುವುದು ಒಂದು ಪಂದ್ಯದಿಂದ. ಚೆಂಡು ತಂಡದ ಆಟಗಾರ ರೊಬೆರ್ತೊ ಕನೆಸಾನ ಕೈಯಲ್ಲಿದೆ, ‘ಪಾಸ್ ಮಾಡು’ ಎಂದು ನಾಯಕ ಕೂಗುತ್ತಾನೆ, ಕನೆಸಾ ಕೊಡುವುದಿಲ್ಲ, ಎದುರಾಳಿಗಳ ಮೇಲೆ ತಾನೇ ನುಗ್ಗುತ್ತಾನೆ. ಆ ಕ್ಷಣಕ್ಕೆ ಇದು ಹುಡುಗರ ಹುಮ್ಮಸ್ಸಿನ ದೃಶ್ಯ, ಆದರೆ ಪಟಕಥೆಯ ಉದ್ದೇಶ ಸ್ಪಷ್ಟ. ಮುಂದೆ ಬೆಟ್ಟದಲ್ಲಿ ಒಬ್ಬ ಸತ್ತ ಮೇಲೆ ಉಣ್ಣಲೆಂದು ತನ್ನ ದೇಹವನ್ನೇ ಇನ್ನೊಬ್ಬನಿಗೆ ಬಿಟ್ಟುಕೊಡುತ್ತಾನಲ್ಲ, ಅದನ್ನು ಮೈದಾನದ ಈ ‘ಕೊಡು’ ಎಂಬ ಕೂಗಿಗೆ ಗಂಟುಹಾಕಬೇಕು. ಚೆಂಡು ಬಿಡದ ಹುಡುಗ ಬೆಟ್ಟದಲ್ಲಿ ಕೊಡುವುದನ್ನು ಕಲಿತ ಎಂದು ನಾವು ಓದಬೇಕು. ವಿಮರ್ಶಕರು ಹಾಗೆಯೇ ಓದಿದರು. ಈ ಹೊಂದಾಣಿಕೆ ಅಚ್ಚುಕಟ್ಟಾಗಿದೆ, ಅದಕ್ಕೇ ಅನುಮಾನ ಹುಟ್ಟಿಸುತ್ತದೆ. ಮೈದಾನದಲ್ಲಿ ಚೆಂಡು ಕೊಟ್ಟವನು ಅದನ್ನು ಕಳೆದುಕೊಳ್ಳುವುದಿಲ್ಲ, ಮರುಕ್ಷಣ ಅದು ಅವನ ಕೈಗೇ ಬರಬಹುದು. ಬೆಟ್ಟದಲ್ಲಿ ಕೊಟ್ಟವನಿಗೆ ಏನೂ ಮರಳಿ ಬರಲಿಲ್ಲ. ಮೊದಲನೆಯದು ತಂತ್ರ, ಎರಡನೆಯದು ದಾನ. ಒಂದನ್ನು ಇನ್ನೊಂದರ ಅಭ್ಯಾಸ ಎಂದು ತೋರಿಸಿದರೆ ದಾನದ ಭಾರ ಇಳಿದುಹೋಗುತ್ತದೆ.

ಇದೇ ಚಿತ್ರದ ಮಧ್ಯಭಾಗದ ಇನ್ನೊಂದು ದೃಶ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಾಲು ಮುರಿದು ಮಲಗಿರುವ ಆರ್ತುರೊ ನೊಗೇರಾ ಸಹಪ್ರಯಾಣಿಕ ನೂಮಾ ತುರ್ಕಾತಿಯ ಜೊತೆ ದೇವರ ವಿಷಯ ಮಾತಾಡುತ್ತಾನೆ. ಮನೆಯಲ್ಲಿ ತನಗೆ ಹೇಳಿಕೊಟ್ಟ ದೇವರು ಇಲ್ಲಿ ಏನು ಮಾಡಬೇಕೆಂದು ಹೇಳುವುದಿಲ್ಲ, ತಾನು ನಂಬುವ ದೇವರೇ ಬೇರೆ ಎಂಬುದು ಅವನ ಮಾತಿನ ಸಾರ. ಗಾಯಕ್ಕೆ ಆರೈಕೆ ಮಾಡಲು ಬರುವಾಗ ರೊಬೆರ್ತೊನ ತಲೆಯಲ್ಲಿರುವ ದೇವರು, ನಡೆಯಲು ಹೊರಡುವ ನಾಂದೊನ ಕಾಲುಗಳಲ್ಲಿರುವ ದೇವರು, ಮಾಂಸ ಕತ್ತರಿಸುವ ದಾನಿಯೆಲ್‌ನ ಕೈಯಲ್ಲಿರುವ ದೇವರು, ಅದು ಯಾವ ಗೆಳೆಯನದೆಂದು ಹೇಳದೆ ಹಂಚುವ ಫಿತೊನಲ್ಲಿರುವ ದೇವರು. ಇಡೀ ಚಿತ್ರದ ಅತ್ಯಂತ ಗಟ್ಟಿ ಜಾಗ ಇದು. ನಾಲ್ಕು ಹೆಸರುಗಳಲ್ಲಿ ಎರಡು ಆಟಗಾರರದು, ಎರಡು ಅಲ್ಲದವರದು, ಆದರೆ ಆ ಭೇದ ಮಾತಿನಲ್ಲಿ ಎಲ್ಲೂ ಕಾಣುವುದಿಲ್ಲ. ಪ್ರತಿಯೊಬ್ಬನ ಹೆಸರಿಗೂ ಜೋಡಿಯಾಗಿರುವುದು ಅವನು ಆ ದಿನ ಮಾಡಿದ ಕೆಲಸ ಮಾತ್ರ. ಕನೆಸಾನನ್ನು ನೆನೆಯುವಾಗ ಅವನ ಓಟ ನೆನಪಾಗುವುದಿಲ್ಲ, ಅವನ ವೈದ್ಯವಿದ್ಯೆ ನೆನಪಾಗುತ್ತದೆ. ಇನ್ನೂ ಸೂಕ್ಷ್ಮವಾದದ್ದು ಕೊನೆಯ ಹೆಸರು. ಯಾರದೆಂದು ಹೇಳದೆ ಹಂಚುವುದು ಎಂಬಲ್ಲಿ ಹೇಳದಿರುವುದೇ ಸೇವೆ. ಚಪ್ಪಾಳೆ ಇರಲಿ, ಕೃತಜ್ಞತೆ ಕೂಡ ಸಲ್ಲದ ಕೆಲಸ ಅದು. ಇದನ್ನು ಹೇಳುವ ಆರ್ತುರೊ ಸ್ವತಃ ತಂಡದ ಆಟಗಾರ ಎಂಬುದು ಮುಖ್ಯ, ತಂಡದ ಬಗ್ಗೆ ಅವನು ಒಂದಕ್ಷರ ಆಡುವುದಿಲ್ಲ ಎಂಬುದು ಇನ್ನೂ ಮುಖ್ಯ. ಈ ಮಾತನ್ನು ಬರೆದ ಚಿತ್ರತಂಡಕ್ಕೆ ಮೊದಲ ದೃಶ್ಯದ ಪಂದ್ಯ ಯಾಕೆ ಬೇಕಾಯಿತು?

ಬಲವಾದ ಆಕ್ಷೇಪ ಒಂದು ಉಳಿದಿದೆ. ಡಿಸೆಂಬರ್ 12ರಂದು ಸಹಾಯ ಹುಡುಕಿ ಪಶ್ಚಿಮಕ್ಕೆ ಹೊರಟ ಮೂವರೂ, ಅಂದರೆ ಪರ್ರಾದೊ, ಕನೆಸಾ, ವಿಸಿಂತಿನ್, ರಗ್ಬಿ ಆಟಗಾರರೇ. ಆಹಾರ ಇಬ್ಬರಿಗೆ ಸಾಲಲಿ ಎಂದು ವಿಸಿಂತಿನ್ ಹಿಂದಿರುಗಿದ, ಉಳಿದಿಬ್ಬರು ಹತ್ತು ದಿನ ನಡೆದು ಸೆರ್ಜಿಯೊ ಕಟಲಾನ್ ಎಂಬ ದನಗಾಹಿಯನ್ನು ಕಂಡರು. ಆಟದಲ್ಲಿ ಹುರಿಗೊಂಡ ದೇಹಗಳು ಇಲ್ಲದಿದ್ದರೆ ಯಾರೂ ಬರುತ್ತಿರಲಿಲ್ಲ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ದೇಹಗಳನ್ನು ಡಿಸೆಂಬರ್ ತನಕ ಕಾದಿಟ್ಟವರು ಯಾರು? ನಡೆಯುವವರಿಗೆ ಹೆಚ್ಚಿನ ಆಹಾರ, ಮಲಗಲು ಒಳ್ಳೆಯ ಜಾಗ, ದಿನದ ಕೆಲಸದಿಂದ ಬಿಡುವು ಎಂದು ಗುಂಪು ನಿಶ್ಚಯಿಸಿತ್ತು, ತಾನು ಕಡಿಮೆ ಉಂಡು ಅದನ್ನು ನಡೆಸಿಕೊಟ್ಟಿತು. ವಿಮಾನದ ಬಾಲದಲ್ಲಿ ಸಿಕ್ಕ ಶಾಖನಿರೋಧಕ ಬಟ್ಟೆಯಿಂದ ಮೂವರು ಮಲಗುವ ಚೀಲ ಹೊಲಿಯಲಾಯಿತು. ಆ ಚೀಲವಿಲ್ಲದೆ ಬೆಟ್ಟದ ಮೊದಲ ರಾತ್ರಿಯನ್ನೇ ಅವರು ದಾಟುತ್ತಿರಲಿಲ್ಲ. ಇನ್ನೂ ಒಂದು ಸಂಗತಿ ಇದೆ. ನಡೆಯಲು ಮೊದಲು ಆರಿಸಲ್ಪಟ್ಟವರಲ್ಲಿ ನೂಮಾ ಇದ್ದ. ಅವನು ಜೆಸ್ಯುಯಿಟ್ ಶಾಲೆಯಲ್ಲಿ ಓದಿದ ಫುಟ್‌ಬಾಲ್ ಆಟಗಾರ, ಸ್ಟೆಲ್ಲಾ ಮಾರಿಸ್‌ನ ಮೈದಾನಕ್ಕೆ ಸಂಬಂಧವೇ ಇಲ್ಲದವನು. ಕಾಲಿಗಾದ ಗಾಯ ಕೀವುಗಟ್ಟದಿದ್ದರೆ ಅವನೂ ಹೊರಡುತ್ತಿದ್ದ. ಬೆಟ್ಟ ಕೇಳಿದ್ದು ಗಟ್ಟಿ ಕಾಲನ್ನು. ಅದು ಯಾವ ಆಟದಲ್ಲಿ ಗಟ್ಟಿಯಾಯಿತೆಂದು ಕೇಳಲಿಲ್ಲ.

ಈ ನೂಮಾನನ್ನೇ ಬಯೋನಾ ನಿರೂಪಕನನ್ನಾಗಿ ಮಾಡಿದ್ದಾರೆ. ಚಿತ್ರದ ಪಾಲಿಗೆ ಇದು ಎಲ್ಲಕ್ಕಿಂತ ದೊಡ್ಡ ನಿರ್ಧಾರ, ಇದರ ಬಗ್ಗೆ ಬಂದ ಚರ್ಚೆ ಮಾತ್ರ ಬಹಳ ಕಡಿಮೆ. 1993ರಲ್ಲಿ ಫ್ರಾಂಕ್ ಮಾರ್ಷಲ್ ಮಾಡಿದ ‘ಅಲೈವ್’ ಚಿತ್ರದಲ್ಲಿ ಕಥೆ ಹೇಳುವವನು ಬದುಕಿ ಬಂದವನು. ಹಾಗಾಗಿ ಅಲ್ಲಿ ಪ್ರತಿ ಸಾವೂ ಬದುಕಿದವರ ಪಯಣದ ಒಂದು ತಿರುವಾಗಿ ಬರುತ್ತದೆ. ಸತ್ತ ಹಲವರ ಹೆಸರುಗಳನ್ನೂ ಬದಲಿಸಲಾಗಿತ್ತು, ನಾಯಕ ಮಾರ್ಸೆಲೊ ಪೆರೆಸ್ ಅಲ್ಲಿ ಆಂತೋನಿಯೊ ಬಾಲ್ಬಿ ಆಗಿದ್ದಾನೆ. ಬಯೋನಾ ಅವರು ಆಧಾರವಾಗಿ ತೆಗೆದುಕೊಂಡ ಪಾಬ್ಲೊ ವಿಯೆರ್ಸಿಯವರ ಪುಸ್ತಕದಲ್ಲೂ ಮುಖ್ಯವಾಗಿ ಮಾತಾಡುವವರು ಬದುಕಿದ ಹದಿನಾರು ಮಂದಿ. ಆ ಪುಸ್ತಕದಿಂದ ಹೊರಟು, ಡಿಸೆಂಬರ್ 11ರಂದು ಎಲ್ಲರಿಗಿಂತ ಕೊನೆಗೆ ಸತ್ತ, 25 ವರ್ಷದ ಕಾನೂನು ವಿದ್ಯಾರ್ಥಿಗೆ ಧ್ವನಿ ಕೊಟ್ಟದ್ದು ಧೈರ್ಯದ ಕೆಲಸ. ಸತ್ತವನ ಬಾಯಿಗೆ ಮಾತು ತುರುಕುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಐವತ್ತು ವರ್ಷ ಸತ್ತವರ ಪರವಾಗಿ ಬದುಕಿದವರೇ ಮಾತಾಡುತ್ತ ಬಂದಾಗ ಈ ಪ್ರಶ್ನೆ ಏಳಲಿಲ್ಲ ಎಂಬುದನ್ನೂ ನೆನೆಯಬೇಕು. ಎನ್ಸೊ ವೊಗ್ರಿಂಚಿಚ್ ಈ ಪಾತ್ರವನ್ನು ತಗ್ಗಿದ ದನಿಯಲ್ಲಿ ನಿಭಾಯಿಸಿದ್ದಾರೆ, ಎಲ್ಲೂ ಹುತಾತ್ಮನ ಪೋಸು ಇಲ್ಲ. ತನ್ನ ತಂಡವಲ್ಲದ ತಂಡದ ಜೊತೆ, ಗೆಳೆಯರ ಒತ್ತಾಯಕ್ಕೆ ಹೊರಟು ಸತ್ತವನು ಕಥೆ ಹೇಳತೊಡಗಿದ ಮೇಲೆ ಅದು ತಂಡದ ಕಥೆಯಾಗಿ ಉಳಿಯುವುದು ಸಾಧ್ಯವಿಲ್ಲ. ಗೆದ್ದವರು, ಸೋತವರು ಎಂಬ ಲೆಕ್ಕವೂ ಅಲ್ಲಿಗೆ ಮುಗಿಯುತ್ತದೆ.

ಇದಕ್ಕೆ ಒಪ್ಪುವಂತೆ ಚಿತ್ರ ಎರಡು ಪಟ್ಟಿಗಳನ್ನು ಕೊಡುತ್ತದೆ. ಒಬ್ಬೊಬ್ಬರು ಸತ್ತಾಗಲೂ ಪರದೆಯ ಮೇಲೆ ಅವರ ನಿಜವಾದ ಹೆಸರು, ವಯಸ್ಸು ಮೂಡುತ್ತವೆ. ಕೊನೆಯಲ್ಲಿ ಬದುಕಿದವರ ಹೆಸರುಗಳನ್ನು ಕಾರ್ಲೋಸ್ ಪಯೆಸ್ ವಿಲಾರೊ ಓದುತ್ತಾರೆ. ಮಗನನ್ನು ಹುಡುಕುವುದನ್ನು ಕೊನೆಯವರೆಗೂ ಬಿಡದ ತಂದೆ ಅವರು, ಹೆಸರಾಂತ ಚಿತ್ರಕಾರ. ಆ ಪಾತ್ರ ಮಾಡಿರುವವರು ಬದುಕಿ ಬಂದ ಮಗ ಕಾರ್ಲಿತೋಸ್ ಪಯೆಸ್ ಅವರೇ. ತಂದೆಯ ಸ್ಥಾನದಲ್ಲಿ ಕೂತು, ತನ್ನ ಹೆಸರೂ ಇರುವ ಪಟ್ಟಿಯನ್ನು ಎಪ್ಪತ್ತರ ಆಸುಪಾಸಿನ ಮಗ ಓದುವುದು ಯಾವ ನಟನೆಗೂ ನಿಲುಕದ್ದು. ಒಂದು ಪಟ್ಟಿ ಕಿವಿಗೆ, ಒಂದು ಪಟ್ಟಿ ಕಣ್ಣಿಗೆ. ಎರಡರಲ್ಲೂ ಯಾರು ಆಟಗಾರ, ಯಾರು ಅಲ್ಲ ಎಂಬ ಗುರುತಿಲ್ಲ. ಚಿತ್ರವನ್ನು ಇನ್ನೂ ನೋಡದವರು ಇಂಗ್ಲಿಷ್ ಡಬ್ಬಿಂಗ್ ಬಿಟ್ಟು, ಉರುಗ್ವೆ, ಅರ್ಜೆಂಟೀನಾದ ಆ ನಟರ ಸ್ಪ್ಯಾನಿಷ್‌ನಲ್ಲೇ ನೋಡಿ, ಹೆಸರು ಮೂಡಿದಾಗಲೆಲ್ಲ ಓದಿ. ಮೈಕೆಲ್ ಜಿಯಾಕಿನೊ ಅವರ ಸಂಗೀತ ಕೆಲವೆಡೆ ಅಗತ್ಯಕ್ಕಿಂತ ಒತ್ತಿ ಹೇಳುತ್ತದೆ, 1972ರ ಉರುಗ್ವೆಯ ಕದಡಿದ ರಾಜಕಾರಣ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಇವು ಸಣ್ಣ ಕೊರತೆಗಳು. ಮೊದಲ ದೃಶ್ಯದ ಪಂದ್ಯವನ್ನು ಕತ್ತರಿಸಿ ಹಾಕಿದರೂ ಈ ಚಿತ್ರಕ್ಕೆ ಏನೂ ನಷ್ಟವಿಲ್ಲ. ನೂಮಾನ ಧ್ವನಿಯನ್ನು ತೆಗೆದರೆ ಮಾತ್ರ ಉಳಿಯುವುದು 1993ರ ಚಿತ್ರವೇ.