ಗೋಡೆಯಾಚೆಯ ಬೆಂಕಿ

ತಿಪಟೂರು, ತುರುವೇಕೆರೆ ಕಡೆಯ ಹಳೆ ಬಚ್ಚಲುಗಳಲ್ಲಿ ನನಗೆ ತುಂಬ ಹಿಡಿಸುವುದು ಗೋಡೆಯಾಚೆಗೆ ತೆರೆದ ಹಂಡೆ ಒಲೆಯ ಬಾಯಿ. ನೀರು ಒಳಗೆ, ಬೆಂಕಿ ಹೊರಗೆ. ಒಣ ಗರಿಯಿಂದ ಹೊತ್ತಿಸಿ, ಎಡೆಮಟ್ಟೆ ತುರುಕಿ, ಕೊಬ್ಬರಿ ತೆಗೆದುಳಿದ ಚಿಪ್ಪು ಹಾಕಿದರೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಮೊದಲು ನೀರು ತುಂಬು, ಆಮೇಲೆ ಉರಿ ಹಾಕು ಎಂದು ಅಜ್ಜಿಯರು ಗದರುತ್ತಿದ್ದರು. ಬರಿ ಹಂಡೆ ಕಾದರೆ ತಳವೇ ಹೋದೀತು.

ಕೆಂಡದಿಂದೇಳುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆ ಹೆಸರು ಕೇಳದವರೂ ಅದನ್ನು ಗೋಡೆಯಾಚೆಗೇ ಇಟ್ಟಿದ್ದರು! ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದಿದ್ದ, ಭಾರತೀಯ ವಿಜ್ಞಾನ ಸಂಸ್ಥೆಯವರ ‘ಅಸ್ತ್ರ ಒಲೆ’ಯೂ ಹೊಗೆಯನ್ನು ಕೊಳವೆಯಿಂದ ಹೊರಗಟ್ಟಿತು. ಈಗಿನವರು ಕಿಟಕಿ ಮುಚ್ಚಿದ ಬಾತ್‌ರೂಮಿನೊಳಗೇ ಗ್ಯಾಸ್ ಗೀಸರ್ ಕೂರಿಸುತ್ತಾರೆ. ಅದರ ಉರಿಯಿಂದಲೂ ಅದೇ ವಿಷಾನಿಲ ಎದ್ದೀತು; ಅದೂ ಗಾಳಿಯಾಡುವ ಹೊರಜಾಗದಲ್ಲಿರಲಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಬರಲಿ.