ಚಳಿನಾಡಿನ ಎಣ್ಣೆ, ಘಾಟಿಯ ಕಾವು

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ನಮ್ಮ ಡೀಸೆಲ್ ಪಿಕಪ್ಪುಗಳಿಗೆ ಬಹುಕಾಲದಿಂದ ಹಾಕಿಸುತ್ತ ಬಂದಿರುವ 15ಡಬ್ಲ್ಯೂ-40 ಆಯಿಲ್ ಮೈನಸ್ 20 ಡಿಗ್ರಿಯಲ್ಲೂ ಇಂಜಿನ್ ತಿರುಗಲು ಬಿಡುವಷ್ಟು ತೆಳುವಾಗಿರಬೇಕು. 15ರ ಪಕ್ಕದ ಡಬ್ಲ್ಯೂ, ಅಂದರೆ ವಿಂಟರ್, ಹೇಳುವುದು ಇದನ್ನೇ. 5ಡಬ್ಲ್ಯೂ ಆದರೆ ಈ ಪರೀಕ್ಷೆ ಮೈನಸ್ 30ರಲ್ಲಿ. ಹೀಗಿರುವಾಗ ‘ಸಿಂಥೆಟಿಕ್ ಹಾಕಿಸಿ, ಚಳಿಯಲ್ಲಿ ಗಾಡಿ ತಟ್ಟನೆ ಸ್ಟಾರ್ಟ್ ಆಗುತ್ತೆ’ ಎಂಬ ಮಾತಿನಿಂದ ಕೋಲಾರದ ಟೊಮೆಟೊ ಸಾಗಿಸುವವರಿಗೆ ದೊಡ್ಡ ಪ್ರಯೋಜನವಿಲ್ಲ. ಬೆಳಗಿನ ಜಾವದ ಮೊದಲ ಕೆಲವು ಕ್ಷಣ ಎಣ್ಣೆ ತುಸು ಬೇಗ ಮೇಲೇರಬಹುದು, ಅಷ್ಟೇ. ಆದರೂ ಟರ್ಬೊ ಇರುವ, ದಿನವೂ ಲೋಡು ಹೊರುವ ಡೀಸೆಲ್ ಪಿಕಪ್ಪನ್ನು ಸಿಂಥೆಟಿಕ್‌ಗೆ ಬದಲಾಯಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣ ನಮ್ಮಲ್ಲಿಲ್ಲದ ಚಳಿಯಲ್ಲ, ನಮ್ಮಲ್ಲಿ ಬೇಕಾದಷ್ಟಿರುವ ಕಾವು.

ಚಳಿಯ ಮಾತು ಈ ಎಣ್ಣೆಗೆ ಅಂಟಿಕೊಂಡದ್ದಕ್ಕೆ ಅದರ ಹುಟ್ಟೇ ಕಾರಣ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಯಂ ಸಾಲದೆ ಪರದಾಡಿದ ಜರ್ಮನಿ ಪ್ರಯೋಗಾಲಯದಲ್ಲಿ ಎಸ್ಟರ್‌ಗಳನ್ನು ಕೂಡಿಸಿ ಕೀಲೆಣ್ಣೆ ಮಾಡಿಕೊಂಡಿತು. ಯುದ್ಧಾನಂತರ ಅದೇ ಬಗೆಯ ಎಣ್ಣೆ ಜೆಟ್ ಇಂಜಿನ್ನುಗಳನ್ನು ಸೇರಿತು. ಅಮೆರಿಕದ ಯುದ್ಧವಿಮಾನ ಪೈಲಟ್ ಆಲ್ಬರ್ಟ್ ಅಮಾಟುಜಿಯೊ ಅದನ್ನು ಕಾರಿಗೆ ತಂದು, 1972ರಲ್ಲಿ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಮಾನ್ಯತೆಯ ಸಿಂಥೆಟಿಕ್ ಆಯಿಲ್ ಮಾರಾಟಕ್ಕಿಟ್ಟ. ಅವನ ಕಂಪನಿ ಆಮ್ಸಾಯಿಲ್ ಇರುವುದು ವಿಸ್ಕಾನ್ಸಿನ್‌ನ ಸುಪೀರಿಯರ್ ಎಂಬ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಊರಿನಲ್ಲಿ. ಅಂಥ ಕಡೆ ಹುಟ್ಟಿದ ಸರಕಿನ ಬಗ್ಗೆ ಮೊದಲು ಹೊರಡುವ ಮಾತು ಚಳಿಯದ್ದೇ. ಆದರೆ ಜೆಟ್ ಇಂಜಿನ್ನಿಗೆ ಆ ಎಣ್ಣೆ ಬೇಕಾದದ್ದು ಮೇಲಿನ ಆಕಾಶದ ಚಳಿಗೆ ಮಾತ್ರವಲ್ಲ, ಟರ್ಬೈನಿನ ಬಿಸಿಗೂ. ಕರ್ನಾಟಕದ ಪಿಕಪ್ಪಿಗೆ ಬೇಕಾದದ್ದು ಈ ಎರಡನೆಯ ಗುಣ.

ಶಿರಾಡಿ ಘಾಟಿಯನ್ನೇ ತೆಗೆದುಕೊಳ್ಳಿ. ಮಂಗಳೂರಿನ ದಕ್ಕೆಯಿಂದ ಮೀನು, ಐಸು ತುಂಬಿಕೊಂಡ ಗಾಡಿ ಗುಂಡ್ಯ ದಾಟಿ ಸಕಲೇಶಪುರದತ್ತ ಏರುವಾಗ ವೇಗ ಕಡಿಮೆ, ಗೇರು ಕೆಳಗಿನದು, ರೇಡಿಯೇಟರಿಗೆ ಗಾಳಿ ಸಾಲದು, ಆದರೆ ಇಂಜಿನ್ನಿನಿಂದ ಪೂರ್ತಿ ದುಡಿಮೆ ಬೇಕು. ಟರ್ಬೊದ ಕಡ್ಡಿ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ಒಂದು ತುದಿಗೆ ಕೆಂಪಗೆ ಕಾದ ಹೊಗೆ ಬಡಿಯುತ್ತಿರುತ್ತದೆ. ಕಡ್ಡಿಯನ್ನು ಲೋಹಕ್ಕೆ ತಾಗದಂತೆ ತೇಲಿಸಿ ಹಿಡಿದಿರುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ. ಘಾಟಿ ಹತ್ತಿದ ಡ್ರೈವರ್ ಚಹಾದಂಗಡಿ ಮುಂದೆ ನಿಲ್ಲಿಸಿದವನೇ ಕೀಲಿ ತಿರುಗಿಸಿಬಿಟ್ಟರೆ ಆಯಿಲ್ ಪಂಪು ನಿಲ್ಲುತ್ತದೆ, ಟರ್ಬೊದ ಕಾವು ನಿಲ್ಲುವುದಿಲ್ಲ. ಬೇರಿಂಗಿನಲ್ಲಿ ಉಳಿದ ಎಣ್ಣೆ ಅಲ್ಲೇ ಸೀದು ಇದ್ದಿಲಾಗುತ್ತದೆ. ಎಣ್ಣೆಯ ಬಿಸಿ 10 ಡಿಗ್ರಿ ಏರಿದರೆ ಅದು ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಸಾಮಾನ್ಯ ಮಿನರಲ್ ಎಣ್ಣೆಯಲ್ಲಿ ಉಳಿದಿರುವ ಗಂಧಕ ಮತ್ತು ಅಸ್ಥಿರ ಅಣುಗಳು ಮೊದಲು ಸುಡುತ್ತವೆ, ಹಗುರವಾದ ಭಾಗ ಆವಿಯಾಗುತ್ತದೆ. ಎಣ್ಣೆಯನ್ನು 250 ಡಿಗ್ರಿಯಲ್ಲಿ 1 ಗಂಟೆ ಇಟ್ಟು ಎಷ್ಟು ಆವಿಯಾಯಿತೆಂದು ತೂಗುವ ನೋಯಾಕ್ ಪರೀಕ್ಷೆಯಲ್ಲಿ ಒಳ್ಳೆಯ ಸಿಂಥೆಟಿಕ್ ಕಳೆದುಕೊಳ್ಳುವುದು ಕಡಿಮೆ. ಇನ್ನೊಂದು ಮಾತು ಅಷ್ಟೇ ಮುಖ್ಯ. ಮಿನರಲ್ ಎಣ್ಣೆ ಕಾವಿಗೆ ಬೇಗ ತೆಳುವಾಗುವುದರಿಂದ ಅದನ್ನು ಮಂದವಾಗಿಡಲು ಪಾಲಿಮರ್ ಬೆರೆಸುತ್ತಾರೆ. ಆ ಪಾಲಿಮರ್ ಇಂಜಿನ್ನಿನೊಳಗೆ ಅರೆದು ತುಂಡಾಗುತ್ತ, ಓಡಿದಷ್ಟೂ ಎಣ್ಣೆ ತೆಳುವಾಗುತ್ತ ಹೋಗುತ್ತದೆ. ಸಿಂಥೆಟಿಕ್‌ಗೆ ಮೂಲದಲ್ಲೇ ಆ ಹದ ಇರುವುದರಿಂದ ಪಾಲಿಮರ್‌ನ ಆಸರೆ ಅಷ್ಟು ಬೇಡ.

ಹಾಗೆಂದು ಡಬ್ಬಿಯ ಮುಂದೆ ಸಿಂಥೆಟಿಕ್ ಎಂದು ಬರೆದ ಮಾತ್ರಕ್ಕೆ ನಂಬಬೇಕೇ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಮೂಲ ಎಣ್ಣೆಗಳನ್ನು ಎಪಿಐ 5 ಗುಂಪು ಮಾಡಿದೆ. ಅಣು ಅಣುವನ್ನು ಕಟ್ಟಿ ಮಾಡುವ ಪಿಎಒ 4ನೆಯದು, ಎಸ್ಟರ್ ಮೊದಲಾದವು 5ನೆಯವು. ಕಚ್ಚಾತೈಲದ ಎಣ್ಣೆಯನ್ನೇ ಹೈಡ್ರೋಜನ್ ಜೊತೆ ಭಾರಿ ಒತ್ತಡದಲ್ಲಿ ಸಂಸ್ಕರಿಸಿದ್ದು 3ನೆಯದು. ಇದನ್ನು ಸಿಂಥೆಟಿಕ್ ಎನ್ನಬಾರದೆಂದು ಮೊಬಿಲ್ ಕಂಪನಿಯು ಕ್ಯಾಸ್ಟ್ರಾಲ್ ಕಂಪನಿಯ ವಿರುದ್ಧ ದೂರು ಕೊಟ್ಟಿತ್ತು. 1999ರಲ್ಲಿ ಅಮೆರಿಕದ ಜಾಹೀರಾತು ಸ್ವನಿಯಂತ್ರಣ ಸಂಸ್ಥೆ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು. ಅಂದಿನಿಂದ ಆ ಪದದ ಬಿಗಿ ಸಡಿಲವಾಯಿತು, ನಿಜ. ಆದರೆ 3ನೇ ಗುಂಪಿಗೆ ಸೇರಲು, ಎಣ್ಣೆ ಕಾವಿಗೆ ತೆಳುವಾಗದೆ ಎಷ್ಟು ನಿಲ್ಲುತ್ತದೆಂದು ಹೇಳುವ ವಿಸ್ಕಾಸಿಟಿ ಇಂಡೆಕ್ಸ್ 120 ಮುಟ್ಟಬೇಕು, ಗಂಧಕ ನೂರಕ್ಕೆ 0.03 ಮೀರಬಾರದು. ಕಾವಿಗೆ ಬಾಗದಿರುವ ಗುಣ ಅದಕ್ಕೂ ಇದೆ. ನನ್ನ ದೃಷ್ಟಿಯಲ್ಲಿ ಪಿಕಪ್ಪಿಗೆ ಅಷ್ಟು ಸಾಕು. ಪಿಎಒ ಹುಡುಕಿಕೊಂಡು ಹೋಗಬೇಕಿಲ್ಲ. ಹುಡುಕಬೇಕಾದ್ದು ಡಬ್ಬಿಯ ಹಿಂಭಾಗದಲ್ಲಿದೆ. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಬಿಎಸ್6 ಗಾಡಿಯಲ್ಲಿ ಎಣ್ಣೆಯೊಳಗಿನ ಲೋಹಾಂಶ ಸುಟ್ಟು ಬೂದಿಯಾಗಿ ಆ ಫಿಲ್ಟರಿನಲ್ಲಿ ಕೂರುತ್ತದೆ. ಮಸಿಯನ್ನು ಸುಟ್ಟು ಕಳೆಯಬಹುದು, ಬೂದಿಯನ್ನು ಸುಡಲಾಗದು. ಎಪಿಐನ ಸಿಕೆ-4 ಮಾನದಂಡದಲ್ಲಿ ಬೂದಿಯ ಮಿತಿ ನೂರಕ್ಕೆ 1, ಯುರೋಪಿನ ಎಸಿಇಎ ಸಿ3ಯಲ್ಲಿ 0.8. ಬೂದಿ ಹೆಚ್ಚಿರುವ ಹಳೆಯ ಮಾನದಂಡದ ದುಬಾರಿ ಸಿಂಥೆಟಿಕ್‌ಗಿಂತ, ಮ್ಯಾನುಯಲ್ ಕೇಳುವ ಮಾನದಂಡದ ಅಗ್ಗದ ಮಿನರಲ್ ಎಣ್ಣೆಯೇ ಅಂಥ ಗಾಡಿಗೆ ಮೇಲು.

ಮಂದ ಎಣ್ಣೆಯೇ ಇಂಜಿನ್ನಿಗೆ ಗಟ್ಟಿ ಎನ್ನುವ ಹಳೆಯ ಮೆಕ್ಯಾನಿಕ್‌ಗಳ ಮಾತನ್ನೂ ತಳ್ಳಿಹಾಕುವಂತಿಲ್ಲ. 150 ಡಿಗ್ರಿಯಲ್ಲಿ, ಬೇರಿಂಗಿನ ಒತ್ತಡದಲ್ಲಿ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದಕ್ಕೆ ಅಳತೆಯಿದೆ: 15ಡಬ್ಲ್ಯೂ-40ಗೆ ಕನಿಷ್ಠ 3.7, 5ಡಬ್ಲ್ಯೂ-40ಗೆ 3.5, 5ಡಬ್ಲ್ಯೂ-30ಗೆ 2.9. ಆದ್ದರಿಂದ ಮ್ಯಾನುಯಲ್ ಒಪ್ಪದೆ ಕೊನೆಯ ಅಂಕಿಯಲ್ಲಿ 30ಕ್ಕೆ ಇಳಿಯಬೇಡಿ. 40ರಲ್ಲೇ ಉಳಿದು ಮೂಲ ಎಣ್ಣೆಯನ್ನು ಮಾತ್ರ ಉತ್ತಮಪಡಿಸಿಕೊಳ್ಳಿ.

ದುಡ್ಡಿನ ಆಕ್ಷೇಪ ಎಲ್ಲಕ್ಕಿಂತ ದೊಡ್ಡದು. ಬಾಡಿಗೆ ಗಾಡಿಯವರಿಗೆ ಪ್ರತಿ ನೂರು ರೂಪಾಯಿಗೂ ಲೆಕ್ಕವಿದೆ. ಲೀಟರಿಗೆ 300 ರೂಪಾಯಿ ಹೆಚ್ಚು, ಇಂಜಿನ್ನಿಗೆ 6 ಲೀಟರ್, ಬದಲಿಸುವುದು 10,000 ಕಿಲೋಮೀಟರಿಗೆ ಎಂದು ಇಟ್ಟುಕೊಳ್ಳಿ. ಹೆಚ್ಚುವರಿ ಖರ್ಚು 1,800 ರೂಪಾಯಿ, ಅಂದರೆ ಕಿಲೋಮೀಟರಿಗೆ 18 ಪೈಸೆ. ಟರ್ಬೊ ರಿಪೇರಿಗೆ ಬಂದರೆ ಆಗುವ ಖರ್ಚು, ಗಾಡಿ ನಿಂತ ದಿನಗಳ ಬಾಡಿಗೆ ಇವುಗಳ ಎದುರು ಅದು ಹೆಚ್ಚಲ್ಲ. ತಪ್ಪು ನಡೆಯುವುದು ಮುಂದಿನ ಹೆಜ್ಜೆಯಲ್ಲಿ. ದುಬಾರಿ ಎಣ್ಣೆ ಹಾಕಿಸಿದ್ದೇನೆ, 10,000ದ ಬದಲು 20,000 ಓಡಿಸಿ ದುಡ್ಡು ಹುಟ್ಟಿಸಿಕೊಳ್ಳುತ್ತೇನೆ ಎಂಬ ಲೆಕ್ಕಾಚಾರ. 2020ರ ಏಪ್ರಿಲ್‌ನಿಂದ ಡೀಸೆಲ್ಲಿನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿದಿದೆಯಲ್ಲ, ಎಣ್ಣೆಯನ್ನು ಕೆಡಿಸುವ ಆಮ್ಲವೂ ಇಳಿಯಿತಲ್ಲ ಎಂಬ ವಾದವೂ ಇದಕ್ಕೆ ಸೇರುತ್ತದೆ. ಆಮ್ಲ ಇಳಿದದ್ದು ಸರಿ. ಆದರೆ ಮಸಿ ಇಳಿದಿಲ್ಲ, ಮಣ್ಣುರಸ್ತೆಯ ಧೂಳು ಇಳಿದಿಲ್ಲ. ಡಿಪಿಎಫ್‌ನಲ್ಲಿ ಕೂತ ಮಸಿ ಸುಡಲೆಂದು ಇಂಜಿನ್ ಹೆಚ್ಚುವರಿಯಾಗಿ ಚಿಮ್ಮಿಸುವ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಜಾರಿ ಎಣ್ಣೆಗೆ ಬೆರೆಯುವುದು ಹೊಸ ಗಾಡಿಗಳಿಗೇ ಬಂದ ಕಾಟ. ಊರೊಳಗೆ ಚಿಕ್ಕ ಚಿಕ್ಕ ಟ್ರಿಪ್ಪು ಹೊಡೆಯುವ ಗಾಡಿಗಳಲ್ಲಿ ಅದು ಇನ್ನೂ ಜಾಸ್ತಿ. ಇವಾವುದನ್ನೂ ಮೂಲ ಎಣ್ಣೆಯ ಉತ್ತಮ ಗುಣ ತಡೆಯಲಾರದು. ಬದಲಿಸುವ ಗಡುವು ಮ್ಯಾನುಯಲ್ಲಿನದ್ದೇ ಇರಲಿ.

ಹಳೆಯ ಇಂಜಿನ್ನಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಭಯಕ್ಕೆ ಹಿಂದೆ ಆಧಾರವಿತ್ತು. ಪಿಎಒ ರಬ್ಬರ್ ಸೀಲನ್ನು ಕುಗ್ಗಿಸುತ್ತದೆ, ಎಸ್ಟರ್ ಉಬ್ಬಿಸುತ್ತದೆ. ಈಗ ಎರಡನ್ನೂ ಹದವಾಗಿ ಬೆರೆಸುತ್ತಾರೆ. ಈಗ ಸೋರಿದರೆ ಸೀಲು ಮೊದಲೇ ಸವೆದು, ಜಿಡ್ಡು ಅದನ್ನು ಮುಚ್ಚಿಟ್ಟಿತ್ತು ಎಂದರ್ಥ. 2005ರಲ್ಲಿ ಬಂದ, 702 ಸಿಸಿಯ ಎರಡು ಸಿಲಿಂಡರಿನ ಟಾಟಾ ಏಸ್‌ನಂಥ ಟರ್ಬೊ ಇಲ್ಲದ ಗಾಡಿಗೆ, ಅದರಲ್ಲೂ ಎಣ್ಣೆ ಕುಡಿಯುತ್ತಿರುವ ಇಂಜಿನ್ನಿಗೆ, ಈ ಖರ್ಚು ಬೇಡವೆಂದೇ ನಾನೂ ಹೇಳುತ್ತೇನೆ. ಬದಲಾಯಿಸುವವರು ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು ಇಂಜಿನ್ ತೊಳೆಸಲು ಒಪ್ಪಬೇಡಿ. ಸಂಪಿನ ಮೂಲೆಯಲ್ಲಿ ಉಳಿದದ್ದು ಹೊಸ ಎಣ್ಣೆಯನ್ನು ಮೊದಲ ದಿನವೇ ತೆಳುವಾಗಿಸುತ್ತದೆ. ಮಿನರಲ್, ಸಿಂಥೆಟಿಕ್ ಒಂದಕ್ಕೊಂದು ಬೆರೆಯುತ್ತವೆ. ಬಿಸಿಯಿದ್ದಾಗ ಪೂರ್ತಿ ಬಸಿದು, ಫಿಲ್ಟರ್ ಬದಲಿಸಿದರೆ ಆಯಿತು. ವಾರದೊಳಗೆ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಕಪ್ಪಾಗಿ ಕಂಡರೆ ಮೋಸಹೋದೆವೆಂದು ಗಾಬರಿಯಾಗುವುದು ಬೇಡ, ಮಸಿಯನ್ನು ತನ್ನೊಳಗೆ ಹಿಡಿದಿಡುವುದು ಅದರ ಕೆಲಸ. ಬಣ್ಣಕ್ಕಿಂತ ಮಟ್ಟ ನೋಡಿ. ಹಾಕಿದ್ದಕ್ಕಿಂತ ಮೇಲೇರುತ್ತಿದ್ದರೆ ಡೀಸೆಲ್ಲೋ ಕೂಲೆಂಟೋ ಸೇರುತ್ತಿದೆ. ಲೋಡು ಕಾದಿದ್ದರೂ ಗಾಡಿ ಅಂದೇ ಗ್ಯಾರೇಜಿಗೆ ಹೋಗಬೇಕು.