ಶುಶ್ರೂಷೆ ಮಾಡುವವರ ದಣಿವು

ಮನೋರೋಗಿಯ ಕಥೆ ಎಂದೊಡನೆ ಕನ್ನಡಿಗರಾದ ನಮಗೆ 'ಶರಪಂಜರ'ದ ಕಾವೇರಿ ನೆನಪಾಗುತ್ತಾಳೆ. ತ್ರಿವೇಣಿಯವರ ಕಾದಂಬರಿ ಓದಿ, ಪುಟ್ಟಣ್ಣ ಕಣಗಾಲರ ಚಿತ್ರ ನೋಡಿ ಅವಳಿಗಾಗಿ ಕಣ್ಣೀರು ಮಿಡಿದಿದ್ದೇವೆ. ಅಲ್ಲಿ ಮನೆಯವರು ಬಹುಮಟ್ಟಿಗೆ ತಪ್ಪಿತಸ್ಥರು. ಆದರೆ ಕೈಬಿಡದೆ ವರ್ಷಗಟ್ಟಲೆ ನೋಡಿಕೊಳ್ಳುವ ಮನೆಯವರ ಪಾಡೇನು?

ಈ ಪ್ರಶ್ನೆಯನ್ನು ನಮ್ಮ ಮುಂಬಯಿಯಲ್ಲೇ ಎತ್ತಿಕೊಂಡ ಕೃತಿ ಜೆರ್ರಿ ಪಿಂಟೋ ಅವರ ಇಂಗ್ಲಿಷ್ ಕಾದಂಬರಿ 'ಎಮ್ ಅಂಡ್ ದ ಬಿಗ್ ಹೂಮ್' (2012). 2016ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ ತೆರೆದುಕೊಳ್ಳುವುದು ಗ್ರಾಂಟ್ ರೋಡಿಗೆ ದೂರವಲ್ಲದ ಜೆ. ಜೆ. ಆಸ್ಪತ್ರೆಯ ಮನೋರೋಗಿಗಳ ವಾರ್ಡಿನಲ್ಲಿ. ಮನೆಯಿರುವುದು ಗ್ರಾಂಟ್ ರೋಡಿನಿಂದ ಸ್ಲೋ ಲೋಕಲಿನಲ್ಲಿ ಏಳನೆಯ ಸ್ಟೇಷನ್ನಾದ ಮಾಹಿಮಿನಲ್ಲಿ. ಪುಟ್ಟ ಫ್ಲ್ಯಾಟು, ನಾಲ್ಕು ಜೀವ. ತಾಯಿ ಎಮ್‌ಗೆ ಒಮ್ಮೆ ಉನ್ಮಾದ, ಒಮ್ಮೆ ಸಾವನ್ನೇ ಬಯಸುವ ಖಿನ್ನತೆ.

ಕಥೆ ಹೇಳುವವನು ಮಗ. ಅವನಿಗೆ ತಾಯಿಯ ಮೇಲೆ ಪ್ರೀತಿಯಿದೆ, ಸಿಟ್ಟೂ ಇದೆ. ಆ ರೋಗ ತನಗೂ ಬಂದೀತೆಂಬ ಭಯವಿದೆ. ಆಕೆಯ ಕುಚೋದ್ಯಕ್ಕೆ ನಗುತ್ತಾನೆ. ಈ ನಗುವೇ ಕೃತಿಯ ಸತ್ವ. ಬರೀ ಕಣ್ಣೀರಾಗಿದ್ದರೆ ಅಯ್ಯೋ ಪಾಪ ಎಂದು ಪುಸ್ತಕ ಮುಚ್ಚುತ್ತಿದ್ದೆವು. ಜೊತೆಗೆ ನಕ್ಕಮೇಲೆ ನಾವೂ ಆ ಮನೆಯವರಾಗುತ್ತೇವೆ.

ಕೊರತೆಯೂ ಇಲ್ಲದಿಲ್ಲ. ತಂದೆ ಬಿಗ್ ಹೂಮ್ ಮನೆಯ ಕಂಬ. ಆ ಕಂಬದ ಬಿರುಕು ನಮಗೆ ಸಾಕಷ್ಟು ಕಾಣಿಸುವುದಿಲ್ಲ. ಮಗಳು ಸೂಸನ್ ಇನ್ನೂ ಮಸುಕು. ಶುಶ್ರೂಷೆಯ ಭಾರ ಹೆಚ್ಚಾಗಿ ಹೆಣ್ಣುಮಕ್ಕಳ ಹೆಗಲಿಗೇ ಬೀಳುವ ನಮ್ಮ ಸಮಾಜದಲ್ಲಿ ಈ ಮೌನ ಚುಚ್ಚುತ್ತದೆ.

ನಾಲ್ಕು ಜನ ಏನೆಂದಾರು ಎಂದು ನಮ್ಮಲ್ಲೂ ಇಂಥ ಮನೆಗಳ ಬಾಗಿಲು ಮುಚ್ಚಿಯೇ ಇರುತ್ತದೆ. ದಣಿದೆ ಎನ್ನುವುದು ಪ್ರೀತಿಗೆ ದ್ರೋಹವಲ್ಲ. ಮುಂಬಯಿಯ ಕನ್ನಡ ಲೇಖಕಿಯರು ಆ ದಣಿವನ್ನು ಬರೆಯಲಿ, ಓದಲು ನಾವಿದ್ದೇವೆ.